ರೀಬಿಲ್ಡ್ ಆದ್ಮೇಲೂ ಆಯಿಲ್ ಕುಡೀತಿರೋ ಹಳೇ 350: ರಿಂಗ್ಸಾ, ಗೈಡಾ, ಬ್ರೀದರಾ?

ಕೆಂಪುಟ್ಯಾಂಕ್74

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ ದಯವಿಟ್ಟು ಪೂರ್ತಿ ಓದಿ. ನನ್ನ ಹತ್ರ ಇರೋದು 1974ರ ಬುಲೆಟ್ 350, ಕಾಸ್ಟ್ ಐರನ್ ಬ್ಲಾಕು, ಅಪ್ಪ ಓಡಿಸ್ತಿದ್ದ ಗಾಡಿ. ಅವರು ಹೋದ್ಮೇಲೆ ಹನ್ನೊಂದು ವರ್ಷ ನಿಂತಲ್ಲೇ ನಿಂತಿತ್ತು. ಕಳೆದ ವರ್ಷ ಮನಸ್ಸು ಮಾಡಿ ಎಂಜಿನ್ ಪೂರ್ತಿ ಬಿಚ್ಚಿದೆ. ಬ್ಲಾಕ್ ಬೋರ್ ಮಾಡ್ಸಿ (ಸಿಲಿಂಡರ್ ತೂತು ಒಂಚೂರು ದೊಡ್ಡದು ಮಾಡ್ಸಿ) ಮೊದಲನೇ ಓವರ್‌ಸೈಜ್ ಪಿಸ್ಟನ್ ಹಾಕಿದೀನಿ, ಹೊಸ ರಿಂಗ್ಸು, ಬಿಗ್ ಎಂಡ್ ಬೇರಿಂಗ್, ಎರಡೂ ವಾಲ್ವ್, ಅವು ಓಡಾಡೋ ಎರಡೂ ಗೈಡ್, ಆಯಿಲ್ ಪಂಪ್ ಎಲ್ಲಾ ಹೊಸದು. ಹಳೇದು ಅಂತ ಉಳಿದಿರೋದು ಕೇಸಿಂಗು, ಬ್ಲಾಕು, ಹೆಡ್ಡು ಅಷ್ಟೇ. ಜೋಡಿಸಿದ್ದು ನಾನೇ, ಬೋರಿಂಗು ಮತ್ತೆ ಹೆಡ್ ಕೆಲಸ ಮಾತ್ರ ಹೊರಗಡೆ ಲೇತಲ್ಲಿ ಮಾಡ್ಸಿದ್ದು.

ಈಗ 600 ಕಿಮೀ ಆಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಸೈಲೆನ್ಸರ್ ಕ್ಲೀನ್, ಒಂಚೂರೂ ಹೊಗೆ ಇಲ್ಲ. ಹದಿನೈದು ಇಪ್ಪತ್ತು ನಿಮಿಷ ಓಡಿ ಎಂಜಿನ್ ಚೆನ್ನಾಗಿ ಬಿಸಿ ಆದ್ಮೇಲೆ ನೀಲಿ ಹೊಗೆ ಶುರು. ಹಿಂದೆ ಬರೋ ಫ್ರೆಂಡು ಮೂಗು ಮುಚ್ಕೊಂಡೇ ಬರ್ತಾನೆ. 100 ಕಿಮೀಗೆ ಹೆಚ್ಚು ಕಮ್ಮಿ 180 ಎಂಎಲ್ ಆಯಿಲ್ ಹಾಕ್ತಿದೀನಿ, ಪ್ಲಗ್ ತೆಗೆದ್ರೆ ಕಪ್ಪಗೆ ಒದ್ದೆ, ಬೆರಳಿಗೆ ಅಂಟುತ್ತೆ, ಈಗಾಗ್ಲೇ ಮೂರು ಪ್ಲಗ್ ಹೋಯ್ತು. ಹೊರಗಡೆ ಲೀಕ್ ಅಂತ ಹೇಳೋ ಅಷ್ಟು ಇಲ್ಲ. ಆಯಿಲ್ ಮಿನರಲ್ 20ಡಬ್ಲ್ಯೂ50.

ಇಷ್ಟೆಲ್ಲಾ ಹೊಸದು ಹಾಕಿ ಹಳೇ ಎಂಜಿನ್ನಿಗಿಂತ ಜಾಸ್ತಿ ಹೊಗೆ ಬರೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಎಲ್ಲಿಂದ ಹುಡುಕೋಕೆ ಶುರು ಮಾಡ್ಲಿ?

ಟ್ಯಾಪೆಟ್‌ಸದ್ದು

ರಿಂಗ್ಸ್ ಕೂತಿಲ್ಲ ಗುರು, ಇನ್ನೇನೂ ಅಲ್ಲ. ಬೋರ್ ಒಳಗೆ ಸಣ್ಣ ಗೀರು ಬರೋ ಹಾಗೆ ಕಲ್ಲಲ್ಲಿ ಉಜ್ಜೋದು, ಹೋನ್ ಅಂತಾರಲ್ಲ, ಅದನ್ನ ಸರಿಯಾಗಿ ಮಾಡಿರಲ್ಲ, ಇಲ್ಲಾ ನೀನು ಮೊದಲ ನೂರು ಕಿಮೀ ತುಂಬಾ ಮೆತ್ತಗೆ ಓಡಿಸಿ ಬೋರ್ ಗೋಡೆ ನುಣುಪಾಗಿ ಗ್ಲೇಜ್ ಮಾಡ್ಬಿಟ್ಟಿದೀಯ. ಬ್ಲಾಕ್ ಇಳಿಸು, ಮುಂದಿನ ಓವರ್‌ಸೈಜ್‌ಗೆ ಬೋರ್ ಹೊಡಿಸು, ಹೊಸ ಪಿಸ್ಟನ್ ಕಿಟ್ ಹಾಕು. ನಾನು ನೋಡಿರೋ ಹತ್ತು ಕೇಸಲ್ಲಿ ಎಂಟು ಇದೇ.

ಎಣ್ಣಿಕೈ

ತಡೀರಿ ತಡೀರಿ, ಬ್ಲಾಕಿಗೆ ಕೈ ಹಚ್ಚಬ್ಯಾಡ್ರಿ ಈಗ. ಒಂದ್ ಸಲ ಬೋರ್ ಹೊಡಿಸಿದ್ರ ಆ ಕಬ್ಬಿಣ ತಿರುಗಿ ಬರೂದಿಲ್ಲ, ಐವತ್ತು ವರ್ಷದ ಬ್ಲಾಕಿನ್ಯಾಗ ಇನ್ನ ಎಷ್ಟು ಓವರ್‌ಸೈಜ್ ಉಳದಾವು ಅನ್ನೂದು ಮೊದಲ ನೆನಪಿರ್ಲಿ. ಎಣ್ಣಿ ಯಾವ ದಾರಿಲೆ ಹೊಂಟೈತಿ ಅಂತ ಗೊತ್ತಾಗೂ ಮುಂಚೆ ಏನೂ ಬಿಚ್ಚಬಾರದು.

ಇವಿಷ್ಟು ಹೇಳ್ರಿ. ಹೊಗಿ ಯಾವಾಗ ಜಾಸ್ತಿ, ಏರಿನ್ಯಾಗ ಥ್ರಾಟಲ್ ಜಗ್ಗಿದಾಗೋ ಅಥವಾ ಇಳಿಜಾರಿನ್ಯಾಗ ಥ್ರಾಟಲ್ ಬಿಟ್ಟು ಕೆಳಗ ಬಂದು ತಿರುಗಿ ತೆಗದಾಗೋ? ರಾತ್ರಿಯೆಲ್ಲಾ ನಿಂತ ಗಾಡಿ ಮುಂಜಾನೆ ಚಾಲೂ ಮಾಡಿದ್ರ ಒಂದ್ ಸಲಕ್ಕ ಭಸ್ ಅಂತ ಬಿಡ್ತೈತೇನು? ಬಿಸಿ ಎಂಜಿನ್ ಬಂದ್ ಮಾಡಿದ ಕೂಡ್ಲೇ ಕ್ರ್ಯಾಂಕ್‌ಕೇಸ್ ಡ್ರೈನ್ ಬೋಲ್ಟ್ ಬಿಚ್ಚಿದ್ರ ಎಷ್ಟು ಎಣ್ಣಿ ಬೀಳ್ತೈತಿ? ಕ್ರ್ಯಾಂಕ್‌ಕೇಸಿನ ಗಾಳಿ ಹೊರಗ ಬಿಡೂ ಬ್ರೀದರ್ ಪೈಪ್ ಎಲ್ಲಿಗೆ ಹೋಗೇತಿ, ಅದರ ತುದಿಗೆ ಇರೂ ರಬ್ಬರ್ ಮೆತ್ತಗ ಐತೋ ಕಲ್ಲಾಗೇತೋ? ಕಂಪ್ರೆಶನ್ ಎಷ್ಟು, ಥ್ರಾಟಲ್ ಪೂರ್ತಿ ತೆಗದು ನೋಡಿದ್ದು?

ಕೆಂಪುಟ್ಯಾಂಕ್74

ಇವತ್ತು ರಜೆ ಇತ್ತು, ಒಂದೊಂದಾಗಿ ನೋಡಿದೆ.

ಏರಿನಲ್ಲಿ ಎಳೆಯುವಾಗ ಸ್ವಲ್ಪ ಇದೆ, ಅಷ್ಟೇನಿಲ್ಲ. ಇಳಿಜಾರಲ್ಲಿ ಥ್ರಾಟಲ್ ಕ್ಲೋಸ್ ಮಾಡಿ ಮೂರನೇ ಗೇರಲ್ಲಿ ಇಳಿದು ಕೆಳಗೆ ಬಂದು ಥ್ರಾಟಲ್ ಕೊಟ್ಟ ಕೂಡ್ಲೇ ರಸ್ತೆ ಕಾಣದಷ್ಟು ಹೊಗೆ. ಬೆಳಿಗ್ಗೆ ಮೊದಲ ಕಿಕ್ಕಿಗೆ ಏನೂ ಇಲ್ಲ. ಡ್ರೈನ್ ಬಿಚ್ಚಿದಾಗ 60 ಎಂಎಲ್ ಬಂತು, ಅಳೆದು ನೋಡಿದೆ. ಆಯಿಲ್ ಟ್ಯಾಂಕ್ ಮುಚ್ಚಳ ತೆಗೆದು ನೋಡಿದ್ರೆ ರಿಟರ್ನ್ ಆಯಿಲ್ ಗಾಳಿ ಗುಳ್ಳೆ ಜೊತೆ ಉಗುಳಿ ಉಗುಳಿ ಬರ್ತಿದೆ. ಕಂಪ್ರೆಶನ್ ಥ್ರಾಟಲ್ ಫುಲ್ ಓಪನ್ ಇಟ್ಟು 110 ಪಿಎಸ್ಐ, ಪ್ಲಗ್ ಹೋಲಲ್ಲಿ ಒಂದು ಚಮಚ ಆಯಿಲ್ ಬಿಟ್ಟು ನೋಡಿದ್ರೆ 115.

ಬ್ರೀದರ್ ರಬ್ಬರ್ ಮಾತ್ರ ನೀವು ಹೇಳಿದ ಹಾಗೇ ಆಗಿದೆ, ಪ್ಲಾಸ್ಟಿಕ್ ತರ ಗಟ್ಟಿಯಾಗಿ ಸೀಳು ಅಂಟ್ಕೊಂಡಿದೆ. ಇಷ್ಟೆಲ್ಲಾ ಬದಲಾಯಿಸಿದೆ, ಆ ಚಿಕ್ಕ ತುಂಡು ಮರೆತೇ ಹೋಗಿತ್ತು.

ಎಣ್ಣಿಕೈ

ಬಾಳ ಚಲೋ ಮಾಡಿ ನೋಡೀರಿ. ಈಗ ಅರ್ಧ ದಾರಿ ಕ್ಲಿಯರ್ ಆತು.

ಇದು ಡ್ರೈ ಸಂಪ್ ಎಂಜಿನ್, ಅಂದ್ರ ಎಣ್ಣಿ ಕ್ರ್ಯಾಂಕ್ ಕೆಳಗ ನಿಲ್ಲೂದಿಲ್ಲ, ಪಂಪ್ ಅದನ್ನ ಟ್ಯಾಂಕಿಗೆ ತಿರುಗಿ ಕಳಸ್ತೈತಿ, ಎಣ್ಣಿ ಟ್ಯಾಂಕ್ ಕೇಸಿಂಗಿನ್ಯಾಗೇ ಹಿಂದ ಬ್ಯಾರೆ ಖೋಲಿ ಇದ್ದಂಗ. ಗಾಡಿ ನಿಂತಾಗ ಪಂಪ್ ದಾಟಿ ಎಣ್ಣಿ ಕ್ರ್ಯಾಂಕ್ ಕಡೆ ಇಳದ್ರ ಟ್ಯಾಂಕಿನ್ಯಾಗ ಲೆವೆಲ್ ಕಮ್ಮಿ ಕಾಣ್ತೈತಿ, ಜನ ಖರ್ಚಾತು ಅಂತ ಮ್ಯಾಲ ಸುರೀತಾರ, ಮುಂಜಾನೆ ಚಾಲೂ ಮಾಡಿದ ಕೂಡ್ಲೇ ಅಷ್ಟೂ ಹೊಗಿ ಆಗಿ ಹೊರಗ. ನಿಮಗ ಮುಂಜಾನೆ ಹೊಗಿ ಇಲ್ಲ, ಡ್ರೈನಿನ್ಯಾಗ 60 ಎಂಎಲ್ ಅಷ್ಟ, ರಿಟರ್ನ್ ಗಾಳಿ ಎಳದು ಉಗುಳ್ತೈತಿ ಅಂದ್ರ ಕೆಳಗ ಎಣ್ಣಿ ನಿಂತಿಲ್ಲ. ಪಂಪ್ ಪಾಸ್.

ಇನ್ನ ಇಳಿಜಾರಿಂದು. ಥ್ರಾಟಲ್ ಮುಚ್ಚಿ ಗೇರಿನ್ಯಾಗ ಇಳಿಯೂವಾಗ ಪಿಸ್ಟನ್ ಕೆಳಗ ಎಳೀತೈತಿ, ಗಾಳಿ ಬರಾಕ ಕಾರ್ಬೊರೇಟರ್ ದಾರಿ ಬಂದ್. ಇನ್‌ಲೆಟ್ ಪೋರ್ಟಿನ್ಯಾಗ ಜೋರ್ ವ್ಯಾಕ್ಯೂಮ್. ಅದು ಎಲ್ಲಿ ಸಂದಿ ಸಿಗ್ತೈತೋ ಅಲ್ಲಿಂದ ಎಳೀತೈತಿ, ರಾಕರ್ ಕಡಿ ಇರೂ ಎಣ್ಣಿ ಗೈಡ್ ಹಂತ್ಯಾಕ ಕುಂತಿರ್ತೈತಿ, ಅದನ್ನ ಹೀರ್ತೈತಿ. ಥ್ರಾಟಲ್ ಕೊಟ್ಟಾಗ ಒಮ್ಮೆ ಎಲ್ಲಾ ಸುಟ್ಟು ಹೊಗಿ. ರಿಂಗ್ಸ್ ಹೋಗಿದ್ರ ಏರಿನ್ಯಾಗ ಜಗ್ಗೂವಾಗ ಹೊಗಿ ಎದ್ದು ಕಾಣ್ತಿತ್ತು, ಎಣ್ಣಿ ಬಿಟ್ಟು ನೋಡಿದಾಗ ಕಂಪ್ರೆಶನ್ನೂ ಬಾಳ ಏರ್ತಿತ್ತು. ನನಗ ಇನ್‌ಲೆಟ್ ಗೈಡ್ ಮ್ಯಾಲ ಸಂಶಯ.

ಮೊದಲ ಬ್ರೀದರ್ ರಬ್ಬರ್ ಹಾಕ್ರಿ. ಪಿಸ್ಟನ್ ಒಂದ್ ಸಲ ಕೆಳಗ ಬಂದ್ರ 346 ಸಿಸಿ ಗಾಳಿ ಹೊರಗ ಹೋಗಬೇಕು. ದಾರಿ ಕಟ್ಟಿದ್ರ ಆ ಒತ್ತಡ ಎಣ್ಣಿನ್ನ ಎಲ್ಲಾ ಕಡಿ ಮ್ಯಾಲಕ್ಕ ನೂಕ್ತೈತಿ.

ಸ್ಪ್ಯಾನರ್‌ರಾಣಿ

ಎಣ್ಣಿಕೈ ಸರ್ ಹೇಳಿದ್ದು ಒಪ್ತೀನಿ, ಆದ್ರೆ ಒಂದು ವಿಷಯ ಸೇರಿಸ್ಲೇಬೇಕು, ಕಂಪ್ರೆಶನ್ ಚೆನ್ನಾಗಿದೆ ಅಂತ ರಿಂಗ್ಸ್‌ನ ಪೂರ್ತಿ ಬಿಟ್ಬಿಡಬೇಡಿ. ಕಂಪ್ರೆಶನ್ ಟೆಸ್ಟ್ ಹೇಳೋದು ಮೇಲಿನ ಎರಡು ರಿಂಗ್ ಬಗ್ಗೆ ಮಾತ್ರ. ಆಯಿಲ್ ರಿಂಗ್ ಬಗ್ಗೆ ಅದು ಏನೂ ಹೇಳಲ್ಲ.

ನಾನು ಇದನ್ನ ಕಲಿತದ್ದು ತುಂಬಾ ನೋವಿಂದ. ಒಂದು 650 ಟ್ವಿನ್ ಕಟ್ಟಿದ್ದೆ, ಎರಡೂ ಸಿಲಿಂಡರಲ್ಲಿ ಕಂಪ್ರೆಶನ್ ಸರಿಸಮ, ಆದ್ರೂ ಎಡಗಡೆ ಸೈಲೆನ್ಸರಲ್ಲಿ ಸದಾ ಹೊಗೆ. ಒಂದು ತಿಂಗಳು ಗೈಡು, ಗ್ಯಾಸ್ಕೆಟ್ಟು ಅಂತ ಅಲೆದೆ. ಕೊನೆಗೆ ಬ್ಲಾಕ್ ಎತ್ತಿದ್ರೆ ಮೂರು ತುಂಡಿನ ಆಯಿಲ್ ರಿಂಗಲ್ಲಿ ಮಧ್ಯದ ಸುಕ್ಕು ಸುಕ್ಕು ಸ್ಪ್ರಿಂಗ್ ಇರುತ್ತಲ್ಲ, ಎಕ್ಸ್‌ಪ್ಯಾಂಡರ್, ಅದರ ಎರಡು ತುದಿ ಒಂದಕ್ಕೊಂದು ಎದುರುಬದುರು ತಾಗಿ ನಿಲ್ಲೋ ಬದಲು ಒಂದರ ಮೇಲೊಂದು ಹತ್ತಿ ಕೂತಿತ್ತು. ಹಾಗಾದ್ರೆ ಅದಕ್ಕೆ ರೈಲ್‌ಗಳನ್ನ ಬೋರಿಗೆ ಒತ್ತೋ ಶಕ್ತಿನೇ ಇರಲ್ಲ. ಹಾಕಿದ್ದು ನನ್ನ ಕೈಯೇ, ಬ್ಲಾಕ್ ಇಳಿಸೋ ಅವಸರದಲ್ಲಿ ನೋಡ್ಕೊಂಡಿರ್ಲಿಲ್ಲ.

ಕೆಂಪುಟ್ಯಾಂಕ್ ಅವರೇ, ನಿಮ್ಮ ಆಯಿಲ್ ರಿಂಗ್ ಒಂದೇ ತುಂಡಿಂದಾ ಮೂರು ತುಂಡಿಂದಾ? ಎರಡನೇ ರಿಂಗಲ್ಲಿ ಚುಕ್ಕೆನೋ ಟಾಪ್ ಅಂತನೋ ಗುರುತಿತ್ತಾ, ಅದು ಮೇಲೆ ಬಂದಿದೆ ಅಂತ ಗ್ಯಾರಂಟಿನಾ? ಎರಡನೇ ರಿಂಗ್ ಸಾಮಾನ್ಯವಾಗಿ ಟೇಪರ್ ಇರುತ್ತೆ, ಕೆಳಗೆ ಬರುವಾಗ ಆಯಿಲ್ ಕೆರೆದು ಇಳಿಸೋಕೆ. ತಲೆಕೆಳಗಾಗಿ ಹಾಕಿದ್ರೆ ಅದೇ ರಿಂಗು ಆಯಿಲ್‌ನ ಮೇಲಕ್ಕೆ ಪಂಪ್ ಮಾಡುತ್ತೆ.

ಬಿಚ್ಚದೇ ನೋಡೋ ದಾರಿ ಒಂದಿದೆ. ಪ್ಲಗ್ ತೆಗೆದು ಟಾರ್ಚ್ ಬಿಟ್ಟು ಪಿಸ್ಟನ್ ತಲೆ ನೋಡಿ. ಸುತ್ತಲೂ ಅಂಚಿನಲ್ಲಿ ಕಾರ್ಬನ್ ತೊಳೆದ ಹಾಗೆ ಬಳೆಯಾಕಾರದಲ್ಲಿ ಕ್ಲೀನ್ ಇದ್ರೆ ಆಯಿಲ್ ಬರ್ತಿರೋದು ರಿಂಗ್ಸ್ ಕಡೆಯಿಂದ. ಇನ್‌ಲೆಟ್ ವಾಲ್ವ್ ಕೆಳಗೆ ಮಾತ್ರ ಒಂದು ತೇಪೆ ಒದ್ದೆ ಇದ್ರೆ ಮೇಲಿಂದ ತೊಟ್ಟಿಕ್ತಿದೆ.

ಹೊಸಬ350

ನಡುವೆ ಬರ್ತಿದೀನಿ ಕ್ಷಮಿಸಿ. ನಂದು ಮುಂದಿನ ವಾರ ಮೊದಲ ಸ್ಟಾರ್ಟ್. ಮೆತ್ತಗೆ ಓಡಿಸಿದ್ರೆ ಗ್ಲೇಜ್ ಆಗುತ್ತೆ ಅಂದ್ರಲ್ಲ ಮೇಲೆ, ನನಗೆ ಎಲ್ರೂ ಮೆತ್ತಗೇ ಓಡಿಸು ಅಂತಿದಾರೆ, ಏನು ಮಾಡ್ಲಿ?

ಟ್ಯಾಪೆಟ್‌ಸದ್ದು

ಹೊಸ ರಿಂಗು ಬೋರಿಗೆ ಉಜ್ಜಿ ಕೂರ್ಬೇಕು ಅಂದ್ರೆ ಅದರ ಹಿಂದೆ ಗ್ಯಾಸ್ ಒತ್ತಡ ಬೇಕು, ಒತ್ತಡ ಬರೋದು ಲೋಡಿಂದ. ಸ್ಟಾರ್ಟ್ ಮಾಡಿ ಅರ್ಧ ಗಂಟೆ ಐಡಲ್ ಬಿಟ್ಟು ಸದ್ದು ಕೇಳ್ತಾ ನಿಂತ್ಕೊಬೇಡ, ಅದೇ ಎಲ್ಲಕ್ಕಿಂತ ಕೆಟ್ಟದ್ದು. ಬಿಸಿ ಮಾಡ್ಕೊಂಡು ರಸ್ತೆಗೆ ಹೋಗು, ಮಧ್ಯದ ಸ್ಪೀಡಲ್ಲಿ ಮೂರನೇ ಗೇರಲ್ಲಿ ಗಟ್ಟಿಯಾಗಿ ಎಳಿ, ಆಮೇಲೆ ಥ್ರಾಟಲ್ ಪೂರ್ತಿ ಬಿಟ್ಟು ಎಂಜಿನ್ ಬ್ರೇಕಲ್ಲೇ ನಿಧಾನ ಆಗೋಕೆ ಬಿಡು, ಮತ್ತೆ ಎಳಿ. ಬಿಟ್ಟಾಗ ವ್ಯಾಕ್ಯೂಮಿಗೆ ಸ್ವಲ್ಪ ಆಯಿಲ್ ಮೇಲೆ ಬಂದು ಉಜ್ಜಿದ ಪುಡಿ ತೊಳೆಯುತ್ತೆ. ತುಂಬಾ ರೇಸ್ ಮಾಡೋದು ಬೇಡ, ದೊಡ್ಡ ಗೇರಲ್ಲಿ ಗೊಣಗಿಸೋದೂ ಬೇಡ. ಸಾದಾ ಮಿನರಲ್ ಆಯಿಲ್ ಹಾಕು, ಸಿಂಥೆಟಿಕ್ ಈಗಲೇ ಬೇಡ, ಮೊದಲ ಆಯಿಲ್ ಬೇಗ ಚೇಂಜ್ ಮಾಡು.

ಇನ್ನೊಂದು, ಹೋನ್ ಮಾಡಿ ತಂದ ಬೋರನ್ನ ಪೆಟ್ರೋಲಲ್ಲಿ ತೊಳೆದ್ರೆ ಸಾಲಲ್ಲ. ಬಿಸಿ ಸೋಪ್ ನೀರು, ಬ್ರಷ್ ಹಾಕಿ ಉಜ್ಜು, ಬಿಳಿ ಬಟ್ಟೆಯಲ್ಲಿ ಒರೆಸಿದ್ರೆ ಬೂದು ಬಣ್ಣ ಬರದೇ ಇರೋವರೆಗೂ ಬಿಡಬೇಡ. ತಕ್ಷಣ ಒಣಗಿಸಿ ಆಯಿಲ್ ಹಚ್ಚು, ಕಬ್ಬಿಣ ಕಣ್ಣೆದುರಿಗೇ ತುಕ್ಕು ಹಿಡಿಯುತ್ತೆ.

ಕೆಂಪುಟ್ಯಾಂಕ್74

ಬ್ರೀದರ್ ರಬ್ಬರ್ ಹೊಸದು ಹಾಕಿ 200 ಕಿಮೀ ಓಡಿಸಿದೆ. 100 ಕಿಮೀಗೆ 180 ಇದ್ದದ್ದು 150 ಎಂಎಲ್ ಆಯ್ತು. ಟೈಮಿಂಗ್ ಕವರ್ ಹತ್ರ ಇದ್ದ ಜಿನುಗು ಪೂರ್ತಿ ನಿಂತಿದೆ, ಅದು ಖುಷಿ, ಆದ್ರೆ ಹೊಗೆ ಹಾಗೇ ಇದೆ.

ರಾಣಿ ಅವರೇ, ಆಯಿಲ್ ರಿಂಗ್ ಒಂದೇ ತುಂಡು, ಎರಡನೇ ರಿಂಗ್ ಗುರುತು ಮೇಲಿದೆ, ಜೋಡಿಸುವಾಗ ತೆಗೆದ ಫೋಟೋದಲ್ಲೇ ಕಾಣ್ತಿದೆ. ರಿಂಗ್ ಗ್ಯಾಪ್ ಆಗಲೇ ಅಳೆದಿದ್ದೆ, 11 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದ ಒಂದು ಭಾಗ).

ಟಾರ್ಚ್ ಬಿಟ್ಟು ನೋಡಿದೆ. ಅಂಚು ಪೂರ್ತಿ ಒಣ ಕಾರ್ಬನ್, ಬಳೆ ಇಲ್ಲವೇ ಇಲ್ಲ. ಇನ್‌ಲೆಟ್ ಕಡೆ ಹೆಬ್ಬೆಟ್ಟಿನಷ್ಟು ಜಾಗ ಒದ್ದೆ. ಕಾರ್ಬೊರೇಟರ್ ತೆಗೆದು ಪೋರ್ಟ್ ಒಳಗೆ ಬೆರಳು ಹಾಕಿದ್ರೆ ಜಾರುತ್ತೆ, ಮೊದಲು ಪೆಟ್ರೋಲ್ ಇರಬಹುದು ಅಂದ್ಕೊಂಡೆ, ಬೆರಳನ್ನ ಹತ್ತು ನಿಮಿಷ ಹಾಗೇ ಗಾಳಿಗೆ ಹಿಡ್ಕೊಂಡು ಕೂತೆ, ಆರಲಿಲ್ಲ, ಆಯಿಲ್ಲೇ. ಎಕ್ಸಾಸ್ಟ್ ಪೋರ್ಟ್ ಒಣ ಮಸಿ.

ಸರಿ ಗೈಡೇ ಅಂತ ಹೆಡ್ ಇಳಿಸಿದೆ. ಈಗ ತಲೆ ಕೆಟ್ಟಿದೆ. ವಾಲ್ವ್ ಸ್ಟೆಮ್ಮಿಗೂ ಗೈಡಿಗೂ 2 ಥೌ ಕೂಡ ಇಲ್ಲ, ಅಲ್ಲಾಡಿಸಿದ್ರೆ ಆಟನೇ ಸಿಗಲ್ಲ. ಗೈಡ್ ಹೊಸದು, ಫಿಟ್ಟಿಂಗ್ ಸರಿ ಇದೆ, ಆದ್ರೂ ಪೋರ್ಟ್ ಒದ್ದೆ. ಈ ಮಾಡೆಲಲ್ಲಿ ವಾಲ್ವ್ ಸ್ಟೆಮ್ಮಿಗೆ ಆಯಿಲ್ ತಡೆಯೋ ಸೀಲ್ ಇಲ್ಲ ಅನ್ನೋದು ಗೊತ್ತು, ಆದ್ರೆ ಅಷ್ಟು ಸಂದಿಯಲ್ಲಿ 150 ಎಂಎಲ್ ಹೋಗೋದು ಸಾಧ್ಯನಾ?

ಮೈಕ್ರೋಮೀಟರ್

ಇಷ್ಟು ದಿನ ಸುಮ್ನೆ ಓದ್ತಿದ್ದೆ, ಈಗ ಬರೀಲೇಬೇಕು ಅನ್ನಿಸ್ತು. ನಾನು ಲೇತ್ ಕೆಲಸದವನು, ಹಳೇ ಹೆಡ್‌ಗಳು ದಿನಾ ಕೈಗೆ ಬರುತ್ತೆ.

ಗೈಡಿಗೆ ಎರಡು ಮೈ ಇದೆ. ಒಳಗಡೆ ವಾಲ್ವ್ ಓಡಾಡೋ ಮೈ ಎಲ್ರೂ ಅಳೀತಾರೆ. ಹೊರಗಡೆ ಹೆಡ್ ಜೊತೆ ಬಿಗಿಯಾಗಿ ಕೂರೋ ಮೈ ಯಾರೂ ಅಳೆಯಲ್ಲ. ಹಳೇ ಗೈಡನ್ನ ಹೆಡ್ ಬಿಸಿ ಮಾಡದೇ ಸುತ್ತಿಗೆ ಹಾಕಿ ಹೊಡೆದು ತೆಗೆದ್ರೆ, ಅದರ ಮೇಲಿರೋ ಗಟ್ಟಿ ಕಾರ್ಬನ್ನು ಅಲ್ಯೂಮಿನಿಯಂ ತೂತನ್ನ ಉದ್ದಕ್ಕೆ ಗೀಚ್ಕೊಂಡು ಬರುತ್ತೆ. ಆ ತೂತಿಗೆ ಸ್ಟ್ಯಾಂಡರ್ಡ್ ಸೈಜಿನ ಹೊಸ ಗೈಡ್ ಹಾಕಿದ್ರೆ ಗಟ್ಟಿಯಾಗೇ ಕೂತ ಹಾಗೆ ಅನ್ನಿಸುತ್ತೆ, ಆದ್ರೆ ಗೀರುಗಳ ಉದ್ದಕ್ಕೂ ಆಯಿಲ್‌ಗೆ ಕಾಲುವೆ ತೆಗೆದಿಟ್ಟ ಹಾಗೆ.

ಪರೀಕ್ಷೆ ಸುಲಭ. ವಾಲ್ವ್ ತೆಗೀರಿ, ಗೈಡಿನ ಒಳ ತೂತಿಗೆ ರಬ್ಬರ್ ಬಿರಡೆ ಬಿಗಿಯಾಗಿ ಹಾಕಿ ಮುಚ್ಚಿ, ಸ್ಪ್ರಿಂಗ್ ಕೂರೋ ಗುಂಡಿಯಲ್ಲಿ ಸೀಮೆಎಣ್ಣೆ ತುಂಬಿಸಿ ಪೋರ್ಟ್ ಒಳಗೆ ಗೈಡಿನ ಬುಡ ನೋಡ್ತಾ ಇರಿ.

ಕೆಂಪುಟ್ಯಾಂಕ್74

ಮಾಡಿದೆ ಅಣ್ಣಾ. ಒಂದು ಗಂಟೆ ಬಿಟ್ಟೆ. ಒಂದು ಹನಿ ಇಲ್ಲ. ಬುಡ ಸ್ವಲ್ಪ ಮಂಕಾದ ಹಾಗೆ ಕಾಣ್ತು, ಅದು ನನ್ನ ಆಸೆಯೋ ನಿಜವೋ ಗೊತ್ತಿಲ್ಲ.

ಟ್ಯಾಪೆಟ್‌ಸದ್ದು

ಹಾಗಾದ್ರೆ ಗೈಡ್ ಅಲ್ಲ. ಬ್ಲಾಕ್ ಎತ್ತೋದೇ ಉಳಿದಿರೋದು.

ಮೈಕ್ರೋಮೀಟರ್

ಇಲ್ಲ, ಇನ್ನೂ ಎತ್ತಬೇಡಿ. ಮೊದಲ ಪೋಸ್ಟ್ ಮತ್ತೆ ಓದಿ, ಹೊಗೆ ಶುರು ಆಗೋದು ಇಪ್ಪತ್ತು ನಿಮಿಷ ಆದ್ಮೇಲೆ. ತಣ್ಣಗಿದ್ದಾಗ ಇಲ್ಲ. ನಾವು ತಣ್ಣಗಿರೋ ಹೆಡ್ ಪರೀಕ್ಷೆ ಮಾಡಿದ್ವಿ, ತಪ್ಪು ನಂದು, ಮೊದಲೇ ಹೇಳ್ಬೇಕಿತ್ತು.

ಹೆಡ್ ಅಲ್ಯೂಮಿನಿಯಂ, ಗೈಡ್ ಕಾಸ್ಟ್ ಐರನ್. ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತೆ. ಗೈಡಿನ ಹೊರ ವ್ಯಾಸ 16 ಎಂಎಂ ಅಂತ ಇಟ್ಕೊಳ್ಳಿ, ಹೆಡ್ 150 ಡಿಗ್ರಿ ಬಿಸಿ ಏರಿದ್ರೆ ತೂತು ಗೈಡಿಗಿಂತ ಹೆಚ್ಚು ಕಮ್ಮಿ 0.03 ಎಂಎಂ ಜಾಸ್ತಿ ದೊಡ್ಡದಾಗುತ್ತೆ, ಅಂದ್ರೆ ಒಂದು ಥೌಗಿಂತ ಸ್ವಲ್ಪ ಮೇಲೆ. ಕೂರಿಸುವಾಗ ಒಂದೂವರೆ ಎರಡು ಥೌ ಬಿಗಿ ಇಟ್ಟಿದ್ರೆ ಬಿಸಿಯಲ್ಲೂ ಹಿಡ್ಕೊಂಡಿರುತ್ತೆ. ಅರ್ಧ ಥೌ ಮಾತ್ರ ಇದ್ರೆ ಬಿಸಿಯಾದ ಮೇಲೆ ಬಿಗಿಯೇ ಇರಲ್ಲ, ಗೈಡ್ ಸುತ್ತಲೂ ಸಂದಿ ತೆರೆಯುತ್ತೆ.

ಹೆಡ್ಡನ್ನ ಓವನಲ್ಲಿಟ್ಟು ನೀರಿನ ಹನಿ ಬಿದ್ರೆ ಚುರ್ ಅನ್ನೋಷ್ಟು ಬಿಸಿ ಮಾಡಿ, ಆಮೇಲೆ ಪರೀಕ್ಷೆ. ಈ ಸಲ ಸೀಮೆಎಣ್ಣೆ, ಪೆಟ್ರೋಲ್ ಹತ್ರಾನೂ ತರಬೇಡಿ, ಬಿಸಿ ಹೆಡ್ಡಿಗೆ ಬೆಂಕಿ ಹತ್ತಿಕೊಳ್ಳುತ್ತೆ. ಎಂಜಿನ್ ಆಯಿಲ್ಲೇ ಬಿಡಿ, ಬಿಸಿಗೆ ಅದೇ ತೆಳ್ಳಗಾಗುತ್ತೆ. ದಪ್ಪ ಗ್ಲೌಸ್ ಹಾಕ್ಕೊಳ್ಳಿ.

ಕೆಂಪುಟ್ಯಾಂಕ್74

ಸಿಕ್ತು!!

ಹೆಡ್ ಓವನಿಂದ ತೆಗೆದು ಎರಡು ಮರದ ತುಂಡಿನ ಮೇಲಿಟ್ಟೆ, ಗುಂಡಿಯಲ್ಲಿ ಆಯಿಲ್ ಬಿಟ್ಟೆ, ಟಾರ್ಚ್ ಹಿಡ್ಕೊಂಡು ಮಂಡಿ ಊರಿ ಪೋರ್ಟ್ ಒಳಗೆ ನೋಡ್ತಾ ಕೂತೆ. ಮೊದಲು ಏನೂ ಇಲ್ಲ. ಎರಡು ನಿಮಿಷ ಆಗಿರ್ಬೇಕು, ಗೈಡಿನ ಬುಡದಲ್ಲಿ, ಗೈಡೂ ಹೆಡ್ಡೂ ಸೇರೋ ಗೆರೆಯಲ್ಲಿ, ಒಂದು ಕಡೆಯಿಂದ ಕೂದಲೆಳೆಯಷ್ಟು ಹೊಳಪು ಶುರು ಆಯ್ತು. ಅದು ಹಾಗೇ ಗೈಡ್ ಸುತ್ತ ಅರ್ಧ ಚಂದ್ರದ ತರ ಹರಡ್ತು, ಕೆಳಗಿನ ತುದಿಯಲ್ಲಿ ಕೂಡ್ಕೊಂಡು ಹನಿಯಾಗಿ ದಪ್ಪ ಆಯ್ತು, ಅಲ್ಲೇ ನಡುಗ್ತಾ ನಿಂತು ಟಪ್ ಅಂತ ಬಿತ್ತು. ಬಿರಡೆ ಹಾಕಿದ ಒಳ ತೂತು ಒಣಗೇ ಇತ್ತು. ಎಕ್ಸಾಸ್ಟ್ ಗೈಡಿಗೂ ಮಾಡಿದೆ, ಅದು ಗಟ್ಟಿ.

ಆರು ತಿಂಗಳಿಂದ ಹುಡುಕ್ತಿದ್ದ ಹೊಗೆ ಆ ಒಂದು ಹನಿಯಲ್ಲಿ ಇತ್ತು. ಕಣ್ಣಲ್ಲಿ ನೀರು ಬಂತು ಅಂದ್ರೆ ನಂಬಿ.

ಮೈಕ್ರೋಮೀಟರ್

ನಿಮ್ಮ ಜೊತೆ ನನಗೂ ಸಮಾಧಾನ ಆಯ್ತು. ಈಗ ಸರಿ ಮಾಡುವಾಗ ಮತ್ತೆ ಎಡವಬಾರದು, ಅದಕ್ಕೆ ಬರೀತಿದೀನಿ.

ಅದೇ ಗೈಡಿಗೆ ಲಾಕಿಂಗ್ ಕಂಪೌಂಡ್ ಹಚ್ಚಿ ಕೂರಿಸ್ತೀನಿ ಅಂತ ಯಾರಾದ್ರೂ ಅಂದ್ರೆ ಬೇಡ ಅನ್ನಿ, ಅಷ್ಟು ಬಿಸಿಗೆ ಅದು ನಿಲ್ಲೋ ಜಾಗ ಅಲ್ಲ. ಹೆಡ್ಡಲ್ಲಿರೋ ತೂತನ್ನ ಗೀರು ಹೋಗೋವಷ್ಟು ಮಾತ್ರ ರೀಮ್ ಮಾಡ್ಸಿ (ನಯವಾಗಿ ಕೊರೆಸಿ), ಆ ತೂತನ್ನ ಅಳೆದು ಅದಕ್ಕೆ ತಕ್ಕ ಹಾಗೆ ಹೊರ ವ್ಯಾಸ ದಪ್ಪ ಇರೋ ಗೈಡ್ ಲೇತಲ್ಲಿ ತಿರುವಿಸ್ಬೇಕು. ಹೆಡ್ ಓವನಲ್ಲಿ ಸಮವಾಗಿ ಬಿಸಿ ಮಾಡಿ, ಗೈಡ್ ರಾತ್ರಿಯೆಲ್ಲಾ ಫ್ರೀಜರಲ್ಲಿರ್ಲಿ, ಆಗ ಸುತ್ತಿಗೆ ಹೊಡೆತ ಹೆಚ್ಚು ಬೇಕಾಗಲ್ಲ. ಕೂತ ಮೇಲೆ ಒಳ ತೂತು ಸ್ವಲ್ಪ ಬಿಗಿಯಾಗುತ್ತೆ, ಮತ್ತೆ ರೀಮ್ ಮಾಡಿ ಸೈಜಿಗೆ ತರ್ಬೇಕು. ಹೊಸ ಗೈಡ್ ಅಂದ್ರೆ ಅದರ ಸೆಂಟರ್ ಕೂದಲೆಳೆ ಆಚೀಚೆ ಹೋಗಿರುತ್ತೆ, ಹಾಗಾಗಿ ವಾಲ್ವ್ ಸೀಟ್ ಮತ್ತೆ ಕಟ್ ಮಾಡಿಸ್ಲೇಬೇಕು, ಬರೀ ಪೇಸ್ಟ್ ಹಚ್ಚಿ ಉಜ್ಜೋ ಲ್ಯಾಪಿಂಗ್ ಸಾಕು ಅನ್ಬೇಡಿ. ಮುಗಿದ ಮೇಲೆ ಅದೇ ಬಿಸಿ ಪರೀಕ್ಷೆ ಇನ್ನೊಮ್ಮೆ.

ಟ್ಯಾಪೆಟ್‌ಸದ್ದು

ನಾನು ಹೇಳಿದ ಹಾಗೆ ಬೋರ್ ಹೊಡಿಸಿದ್ರೆ ಒಂದು ಒಳ್ಳೇ ಬ್ಲಾಕಿನ ಆಯಸ್ಸು ಸುಮ್ನೆ ಹೋಗ್ತಿತ್ತು. ನಂದು ತಪ್ಪು, ಒಪ್ಪಿದೆ. ನಾನು ಹಿಂದೆ ರಿಂಗ್ಸ್ ಅಂತ ಹೇಳಿದ ಎರಡು ಗಾಡಿ ಹೆಡ್ ಈಗ ಮನಸ್ಸಲ್ಲಿ ಕೊರೀತಿದೆ, ಒಂದನ್ನ ಕರೆಸಿ ನೋಡ್ತೀನಿ.

ಕೆಂಪುಟ್ಯಾಂಕ್74

ಹೆಡ್ ಬೇರೆ ಕಡೆ ಕೊಟ್ಟು ಮಾಡಿಸ್ದೆ, ಗೈಡ್ ತೆಗೆದಾಗ ನಾನೂ ಪಕ್ಕದಲ್ಲೇ ಇದ್ದೆ. ತೂತಿನ ಒಳಗೆ ಉದ್ದಕ್ಕೂ ಮೂರು ಗೀರು, ಉಗುರಿಗೆ ಸಿಗೋಷ್ಟು ಆಳ. ಹಳೇ ಕೆಲಸದವರು ಇದನ್ನ ನೋಡಿರಲೇಬೇಕು, ಒಂದು ಮಾತು ಹೇಳಿದ್ರೆ ಆಗ್ತಿತ್ತು.

ಪೂರ್ತಿ ಜೋಡಿಸಿ 500 ಕಿಮೀ ಆಯ್ತು. ಪ್ರತಿ ಸಲ ಒಂದೇ ಜಾಗದಲ್ಲಿ ಸ್ಟ್ಯಾಂಡ್ ಹಾಕಿ, ಬಿಸಿ ಎಂಜಿನ್ ನಿಲ್ಲಿಸಿ ಐದು ನಿಮಿಷಕ್ಕೆ ಲೆವೆಲ್ ನೋಡಿ ಪುಸ್ತಕದಲ್ಲಿ ಬರೀತಿದೀನಿ. 500 ಕಿಮೀಗೆ ಸೇರಿ 70 ಎಂಎಲ್. ಪ್ಲಗ್ ತಿಳಿ ಕಂದು. ಅದೇ ಇಳಿಜಾರಲ್ಲಿ ನಿನ್ನೆ ಬೇಕಂತಲೇ ಮೂರು ಸಲ ಇಳಿದೆ, ಫ್ರೆಂಡ್ ಹಿಂದೆ ಬಂದ, ಮೂಗು ಮುಚ್ಕೊಳ್ಳಲಿಲ್ಲ.

ಎಣ್ಣಿಕೈ

70 ಅಂದ್ರ ಹೊಸ ಎಂಜಿನ್ ಲೆಕ್ಕ ರೀ ಅದು, ರಿಂಗ್ಸ್ ಇನ್ನ ಕೂತಂಗೆಲ್ಲಾ ಮತ್ತೂ ಇಳೀತೈತಿ. ಪುಸ್ತಕ ಬರಿಯೂದು ಬಿಡಬ್ಯಾಡ್ರಿ. 1000 ಕಿಮೀ ಆದಮ್ಯಾಲ ಹೆಡ್ ಬೋಲ್ಟ್ ತಣ್ಣಗಿದ್ದಾಗ ಒಮ್ಮೆ ಟಾರ್ಕ್ ನೋಡ್ರಿ, ಟ್ಯಾಪೆಟ್ಟೂ ನೋಡ್ರಿ, ಸೀಟ್ ಹೊಸದಾಗಿ ಕಟ್ ಆಗೇತಿ, ಸ್ವಲ್ಪ ಕೂರ್ತೈತಿ.